ಹಳೆ ಬೈಕಿನ ಟ್ಯಾಂಕಿಗೆ ಎಷ್ಟು ಎಥೆನಾಲ್ ಸರಿ?

ಮೈಸೂರಿನ ಯೆಜ್ಡಿ, ಯಮಹಾ ಆರ್‌ಎಕ್ಸ್100, ಎರಕದ ಕಬ್ಬಿಣದ ಎಂಜಿನ್ನಿನ ಬುಲೆಟ್ ರೂಪುಗೊಂಡ ಕಾಲಕ್ಕೆ ಬಂಕಿನಲ್ಲಿ ಸಿಗುತ್ತಿದ್ದುದು ಎಥೆನಾಲ್ (ಕಬ್ಬು, ಧಾನ್ಯದಿಂದ ತೆಗೆಯುವ ಆಲ್ಕೊಹಾಲ್) ಇಲ್ಲದ ಪೆಟ್ರೋಲ್. ಅವುಗಳ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ಭಾಗ), ರಬ್ಬರ್, ವಾಷರ್ ಎಲ್ಲವನ್ನೂ ಅದಕ್ಕೆ ತಕ್ಕಂತೆಯೇ ಮಾಡಿದ್ದರು. ಈಗ ಅದೇ ಟ್ಯಾಂಕಿಗೆ ಇ20 ಬೀಳುತ್ತಿದೆ, ಅಂದರೆ ಲೀಟರಿಗೆ 200 ಮಿಲಿ ಎಥೆನಾಲ್.

ಇದು ರಾತ್ರೋರಾತ್ರಿ ಆದದ್ದಲ್ಲ. 2001ರಲ್ಲಿ ಮಿರಜ್, ಮನ್ಮಾಡ್ ಮತ್ತು ಬರೇಲಿಯಲ್ಲಿ ಪ್ರಯೋಗ ನಡೆಯಿತು. 2003ರಲ್ಲಿ ಒಂಬತ್ತು ರಾಜ್ಯಗಳಲ್ಲಿ ಶೇ 5ರ ಮಿಶ್ರಣ ಶುರುವಾಯಿತು. ಕಬ್ಬು ಬೆಳೆಯುವ ಕರ್ನಾಟಕವೂ ಅದರಲ್ಲಿತ್ತು. ಆ ಪ್ರಮಾಣಕ್ಕೆ ಪೆಟ್ರೋಲ್ ಮತ್ತು ಗಾಳಿಯನ್ನು ಬೆರೆಸುವ ಕಾರ್ಬುರೇಟರ್ ತಲೆಕೆಡಿಸಿಕೊಳ್ಳಲಿಲ್ಲ. ಶೇ 20ರ ಗುರಿಯನ್ನು 2018ರ ಜೈವಿಕ ಇಂಧನ ನೀತಿ 2030ಕ್ಕೆ ಇಟ್ಟಿತ್ತು, ಆಮೇಲೆ ಅದನ್ನು 2025-26ಕ್ಕೆ ಎಳೆದು ತಂದರು. 2022ರ ಜೂನ್‌ನಲ್ಲಿ ಶೇ 10 ಮುಟ್ಟಿತು. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲೇ ಇ20 ಮಾರಾಟಕ್ಕೆ ಚಾಲನೆ ಸಿಕ್ಕಿತು. ಎರಡೇ ವರ್ಷದಲ್ಲಿ ಅದು ದೇಶದ ಸಾಮಾನ್ಯ ಪೆಟ್ರೋಲ್ ಆಯಿತು. ಎಥೆನಾಲ್ ಇಲ್ಲದ ಪೆಟ್ರೋಲಿನ ಆಯ್ಕೆಯೂ ಇರಲಿ ಎಂದು ಕೋರಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್‌ನಲ್ಲಿ ವಜಾ ಮಾಡಿತು. ಶೇ 10ರಿಂದ 20ಕ್ಕೆ ಹೋದ ಈ ವೇಗವೇ ಹಳೆ ಗಾಡಿಯವರಿಗೆ ಭಾರವಾದದ್ದು.

ತೊಂದರೆ ಎರಡು ಬಗೆಯದು, ಎರಡಕ್ಕೂ ಮದ್ದು ಬೇರೆ. ಮೊದಲನೆಯದು ಗಾಳಿ-ಇಂಧನದ ಲೆಕ್ಕ. ಶುದ್ಧ ಪೆಟ್ರೋಲ್‌ನ ಒಂದು ಪಾಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕು. ಇ20ಗೆ ಸುಮಾರು 13.5 ಸಾಕು. ಹೊಸ ಗಾಡಿಯ ಸೆನ್ಸರ್ ಇದನ್ನು ಸರಿದೂಗಿಸುತ್ತದೆ, ಕಾರ್ಬುರೇಟರ್‌ಗೆ ಅದು ಗೊತ್ತಾಗುವುದಿಲ್ಲ. ಮಿಶ್ರಣ ಲೀನ್ ಆಗುತ್ತದೆ, ಅಂದರೆ ಗಾಳಿ ಹೆಚ್ಚು, ಇಂಧನ ಕಡಿಮೆ: ಬೆಳಿಗ್ಗೆ ಬೇಗ ಸ್ಟಾರ್ಟ್ ಆಗದು, ಆಕ್ಸಿಲರೇಟರ್ ತಿರುಗಿಸಿದಾಗ ಗಾಡಿ ಮುಗ್ಗರಿಸುತ್ತದೆ, ಪ್ಲಗ್ ಕಂದು ಬಣ್ಣ ಬಿಟ್ಟು ಬಿಳಿಚಿಕೊಳ್ಳುತ್ತದೆ, ಎಂಜಿನ್ ಹೆಚ್ಚು ಕಾಯುತ್ತದೆ. ಪ್ಲಗ್ ಬಿಳಿಚಿದ್ದರೆ ಮೊದಲು ಕಾರ್ಬುರೇಟರ್ ಒಳಗಿನ ನೀಡಲ್ಲಿನ ಕ್ಲಿಪ್ಪನ್ನು ಒಂದು ಕಚ್ಚು ಕೆಳಗಿಳಿಸಿ. ನೀಡಲ್ ಮೇಲೇರಿ ಪೆಟ್ರೋಲ್ ಹೆಚ್ಚು ಬರುತ್ತದೆ. ಐಡಲಿಂಗ್‌ನಲ್ಲಿ ತೊಂದರೆಯಿದ್ದರೆ ಏರ್ ಸ್ಕ್ರೂವನ್ನು ಕಾಲು ಸುತ್ತು ಒಳಗೆ ತಿರುಗಿಸಿ. ಫುಲ್ ಥ್ರಾಟಲ್‌ನಲ್ಲಿ ಸೊರಗಿದರೆ ಮಾತ್ರ ಮೇನ್ ಜೆಟ್ ಒಂದು ನಂಬರ್ ದೊಡ್ಡದು ಹಾಕಿಸಿ. ಮೂರನ್ನೂ ಒಟ್ಟಿಗೆ ಮುಟ್ಟಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ಎರಡನೆಯದು ರಬ್ಬರ್ ಮತ್ತು ಲೋಹ. ಎಥೆನಾಲ್ ಹಳೆ ರಬ್ಬರನ್ನು ಉಬ್ಬಿಸುತ್ತದೆ, ಒಣಗಿದಾಗ ಅದು ಬಿರುಕು ಬಿಡುತ್ತದೆ. ಕಾರ್ಬುರೇಟರಿಗೆ ಬರುವ ಪೆಟ್ರೋಲನ್ನು ತಡೆಯುವ ಫ್ಲೋಟ್ ನೀಡಲ್ಲಿನ ತುದಿ ಹಾಳಾದರೆ ಕಾರ್ಬುರೇಟರ್ ಓವರ್‌ಫ್ಲೋ ಆಗಿ ತೊಟ್ಟಿಕ್ಕುತ್ತದೆ. ಪೆಟ್ರೋಲ್ ಪೈಪ್, ಕಾಕ್ (ಟ್ಯಾಂಕಿನ ನಲ್ಲಿ) ವಾಷರ್, ಬೌಲ್ (ಕಾರ್ಬುರೇಟರ್ ತಳದ ಬಟ್ಟಲು) ಗ್ಯಾಸ್ಕೆಟ್, ಫ್ಲೋಟ್ ನೀಡಲ್ ಇವಿಷ್ಟನ್ನೂ ಎಥೆನಾಲ್ ತಡೆಯುವ ವಿಟಾನ್ ರಬ್ಬರಿನದಕ್ಕೆ ಬದಲಿಸಿದರೆ ಅರ್ಧ ಚಿಂತೆ ಕಳೆಯಿತು. ಪೈಪಿನ ಮೇಲೆ 'ಜೆ30 ಆರ್9' ಎಂಬ ಅಚ್ಚಿದ್ದರೆ ಒಳಪದರ ಆ ಜಾತಿಯದು. ಎಥೆನಾಲ್ ಟ್ಯಾಂಕಿನ ಹಳೆ ಜಿಡ್ಡು, ತುಕ್ಕನ್ನೂ ಬಿಡಿಸಿ ಜೆಟ್ಟಿಗೆ ತಂದು ಕೂರಿಸುತ್ತದೆ, ಆದ್ದರಿಂದ ಟ್ಯಾಂಕ್ ತೊಳೆಸಿ ಹೊಸ ಫಿಲ್ಟರ್ ಹಾಕುವುದು ಮೊದಲ ಕೆಲಸ.

ನಿಜವಾದ ಅಪಾಯ ಓಡುವ ಗಾಡಿಗಿಂತ ನಿಂತ ಗಾಡಿಗೆ. ಮುಚ್ಚಳದ ರಬ್ಬರ್ ಸವೆದು ಮಳೆನೀರು ಒಳಗಿಳಿದರೆ ಎಥೆನಾಲ್ ಆ ನೀರನ್ನು ಹೀರಿಕೊಳ್ಳುತ್ತದೆ. ಮಿತಿ ಮೀರಿದಾಗ ಎರಡೂ ಸೇರಿ ಪೆಟ್ರೋಲ್‌ನಿಂದ ಬೇರೆಯಾಗಿ ತಳಕ್ಕೆ ಕೂರುತ್ತವೆ. ಕಾಕ್ ಎಳೆಯುವುದು ತಳದಿಂದಲೇ! ಪೆಟ್ರೋಲ್‌ಗೆ ಆಯಿಲ್ ಬೆರೆಸಿ ಓಡಿಸುವ ಟೂ-ಸ್ಟ್ರೋಕ್‌ಗಳಲ್ಲಿ ಇದು ಮಾರಕ: ಆಯಿಲ್ ಮೇಲಿನ ಪೆಟ್ರೋಲ್‌ನಲ್ಲೇ ಉಳಿದು, ಕೆಳಗಿನ ಪದರದಲ್ಲಿ ಜಾರಿಕೆಯೇ ಇಲ್ಲದೆ ಪಿಸ್ಟನ್ ಸೀಜ್ ಆಗುತ್ತದೆ. ಹದಿನೈದು ದಿನಕ್ಕಿಂತ ಹೆಚ್ಚು ನಿಲ್ಲಿಸುವುದಾದರೆ ಕಾಕ್ ಮುಚ್ಚಿ, ಎಂಜಿನ್ ತಾನಾಗಿ ಆರುವವರೆಗೆ ಓಡಿಸಿ, ಬೌಲಿನ ಡ್ರೈನ್ ಸ್ಕ್ರೂ ಬಿಚ್ಚಿ ಉಳಿದದ್ದನ್ನೂ ಹೊರಹಾಕಿ.

ಹಾಗಾದರೆ ಯಾವುದನ್ನು ಹಾಕಿಸಬೇಕು? ದಿನಾ ಓಡುವ ಫೋರ್-ಸ್ಟ್ರೋಕ್ ಗಾಡಿಗೆ ರಬ್ಬರ್ ಬದಲಿಸಿ, ಟ್ಯೂನ್ ಮಾಡಿಸಿ ಇ20 ಓಡಿಸಬಹುದು. ಮೈಲೇಜ್ ಸ್ವಲ್ಪ ಇಳಿಯುತ್ತದೆ, ಅದನ್ನು ಒಪ್ಪಿಕೊಳ್ಳಬೇಕು. ವಾರಕ್ಕೊಮ್ಮೆ ಹೊರಬರುವ ಯೆಜ್ಡಿಗೆ ನಮ್ಮ ಸಲಹೆ ಎಥೆನಾಲ್ ಇಲ್ಲದ 100 ಆಕ್ಟೇನ್ (ಎಂಜಿನ್ ಬಡಿತ ತಡೆಯುವ ಗುಣದ ಅಳತೆ) ಪೆಟ್ರೋಲ್. ಅದರ ಆಕ್ಟೇನ್‌ನಿಂದ ಹಳೆ ಕಡಿಮೆ ಕಂಪ್ರೆಷನ್ ಎಂಜಿನ್ನಿಗೆ ಲಾಭವೇನಿಲ್ಲ, ಎಥೆನಾಲ್ ಇಲ್ಲದ್ದಕ್ಕಷ್ಟೇ ಆ ದುಡ್ಡು. ಅದರ ದುಬಾರಿ ಬೆಲೆ ಕೈ ಕಚ್ಚಿದರೆ ಸಮ ಪಾಲಿನಲ್ಲಿ ಇ20 ಬೆರೆಸಿ, ಇ10 ಆಗುತ್ತದೆ.

95 ಆಕ್ಟೇನ್‌ನ ಪ್ರೀಮಿಯಂ ಪೆಟ್ರೋಲ್ ಎಂದರೆ ಎಥೆನಾಲ್ ಇಲ್ಲವೆಂದು ತಿಳಿಯಬೇಡಿ. ಅನುಮಾನವಿದ್ದರೆ ಬೆಂಕಿಯಿಂದ ದೂರ, ಬಯಲಲ್ಲಿ ಪರೀಕ್ಷಿಸಿ: ಗೆರೆಯಿರುವ ಗಾಜಿನ ಸಿಲಿಂಡರಿಗೆ 10 ಮಿಲಿ ನೀರು, 50 ಮಿಲಿ ಪೆಟ್ರೋಲ್ ಹಾಕಿ, ಮುಚ್ಚಿ ಕುಲುಕಿ, ಹತ್ತು ನಿಮಿಷ ಬಿಡಿ. ಕೆಳಗಿನ ಪದರ 10ರಲ್ಲೇ ನಿಂತರೆ ಎಥೆನಾಲ್ ಇಲ್ಲ. 15ರ ಹತ್ತಿರ ಬಂದರೆ ಇ10, 20ರ ಹತ್ತಿರ ಬಂದರೆ ಇ20. ಪರೀಕ್ಷಿಸಿದ್ದನ್ನು ಟ್ಯಾಂಕಿಗೆ ಮರಳಿ ಸುರಿಯಬೇಡಿ.