‘ಗಾಡಿ ಕೂಲಂಟ್ ಕುಡೀತದೆ’ ಅಂದರೆ ಏನು?

ನನ್ನ ಹಳೇ ಕಾರಿಗೆ ವಾರಕ್ಕೊಂದು ಸಲ ಅರ್ಧ ಲೀಟರ್ ನೀರು ಹಾಕುವುದು ಅಭ್ಯಾಸವಾಗಿಬಿಟ್ಟಿತ್ತು. ಮೈಸೂರಿನಿಂದ ಮಂಡ್ಯಕ್ಕೆ ದಿನಾ ಓಡಾಟ. ಬಾನೆಟ್ ಎತ್ತಿ ನೋಡಿ, ಡಬ್ಬಿಯಲ್ಲಿ ಕಡಿಮೆ ಕಂಡರೆ ಕುಡಿಯುವ ಬಾಟಲಿಯಿಂದಲೇ ಸುರಿದು ಹೊರಡುತ್ತಿದ್ದೆ. ಕಬ್ಬು ಕಟಾವಿನ ಕಾಲದ ಒಂದು ಮಧ್ಯಾಹ್ನ, ಲೋಡ್ ಹೊತ್ತ ಟ್ರ್ಯಾಕ್ಟರ್‌ಗಳ ಹಿಂದೆ ಸಿಕ್ಕಿಕೊಂಡಾಗ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿತು. ಪಕ್ಕಕ್ಕೆ ಹಾಕಿ ಪರಿಚಯದ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಬಂದವನು ಬಾನೆಟ್ ಮುಟ್ಟುವ ಮೊದಲೇ ಕೇಳಿದ: “ಎಷ್ಟ್ ದಿನಕ್ಕೊಂದ್ ಸಲ ನೀರ್ ಹಾಕ್ತೀರ ಸಾ?” ಹೇಳಿದೆ. “ಹಂಗಾರೆ ಗಾಡಿ ಕೂಲಂಟ್ ಕುಡೀತದೆ ಬುಡಿ” ಅಂದ.

ಪೆಟ್ರೋಲ್ ಕುಡಿಯುವುದು ಇಂಜಿನ್ನಿನ ಹಕ್ಕು. ವಯಸ್ಸಾದ ಮೇಲೆ ಒಂಚೂರು ಆಯಿಲ್ ಕುಡಿದರೂ ಕ್ಷಮಿಸಬಹುದು. ಇಂಜಿನ್ನನ್ನು ತಣ್ಣಗಿಡುವ ಕೂಲಂಟ್ ಮಾತ್ರ ಹಾಗಲ್ಲ. ಅದು ಖರ್ಚಾಗುವ ವಸ್ತುವೇ ಅಲ್ಲ. ಇಂಜಿನ್, ರೇಡಿಯೇಟರ್, ಮತ್ತೆ ಇಂಜಿನ್ ಅಂತ ಮುಚ್ಚಿದ ದಾರಿಯಲ್ಲಿ ಸುತ್ತುತ್ತಲೇ ಇರುತ್ತದೆ. ಪೇಪರಿನಲ್ಲಿ ಕೆಆರ್‌ಎಸ್ ಮಟ್ಟ ನೋಡುತ್ತೇವಲ್ಲ, ಗರಿಷ್ಠ 124.8 ಅಡಿ, ಇಂದು ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು ಅಂತ? ಕೂಲಂಟ್ ಡಬ್ಬಿಗೂ ಮೇಲೊಂದು ಕೆಳಗೊಂದು ಗೆರೆ ಇದೆ. ಆದರೆ ಇಲ್ಲಿ ಒಳಹರಿವೂ ಇಲ್ಲ, ಹೊರಹರಿವೂ ಇಲ್ಲ. ಬಿಸಿಯಾದಾಗ ಸ್ವಲ್ಪ ಏರಿ, ತಣ್ಣಗಾದಾಗ ಇಳಿಯುತ್ತದೆ, ಅಷ್ಟೇ. ಬೆಳಗ್ಗೆ ತಣ್ಣಗಿರುವಾಗ ನೋಡಿದರೆ ವಾರದಿಂದ ವಾರಕ್ಕೆ ಮಟ್ಟ ಇಳಿಯುತ್ತಾ ಬಂದಿದೆ ಅಂದರೆ ಎಲ್ಲೋ ತೂಬು ತೆರೆದಿದೆ ಅಂತಲೇ ಅರ್ಥ.

ಕೂಲಂಟ್ ಅಂದರೆ ನೀರಿಗೆ ಸುಮಾರು ಅರ್ಧದಷ್ಟು ಗ್ಲೈಕಾಲ್ ಮತ್ತು ತುಕ್ಕು ತಡೆಯುವ ರಾಸಾಯನಿಕ ಸೇರಿಸಿದ ದ್ರವ. ಚಳಿ ದೇಶದವರಿಗೆ ಅದು ಹೆಪ್ಪುಗಟ್ಟದಿರಲಿ ಅನ್ನುವ ಚಿಂತೆ. ನಮ್ಮ ಚಿಂತೆ ಕುದಿಯದಿರಲಿ ಅನ್ನುವುದು. ಮೈಸೂರು ಸಮುದ್ರ ಮಟ್ಟದಿಂದ 700 ಮೀಟರಿಗಿಂತ ಎತ್ತರದಲ್ಲಿದೆ, ಇಲ್ಲಿ ನೀರು 100ಕ್ಕಿಂತ ಎರಡು ಮೂರು ಡಿಗ್ರಿ ಮೊದಲೇ ಕುದಿಯುತ್ತದೆ. ಇಂಜಿನ್ ಓಡುವುದೇ 90ರ ಆಸುಪಾಸಿನಲ್ಲಿ. ಹಾಗಾಗಿ ಬರೀ ನೀರನ್ನು ನಂಬಿದರೆ ಅಂತರ ತೀರಾ ಕಡಿಮೆ.

ಈ ಅಂತರವನ್ನು ಹಿಗ್ಗಿಸುವುದು ರೇಡಿಯೇಟರಿನ ಮುಚ್ಚಳ. ಹೌದು, ಸುಮ್ನೆ ಮುಚ್ಚಳ ಅಂದುಕೊಳ್ಳುತ್ತೇವಲ್ಲ, ಅದೇ. ಕುಕ್ಕರ್ ವಿಷಲ್ ಮಾಡುವ ಕೆಲಸವನ್ನೇ ಅದರೊಳಗಿನ ಸ್ಪ್ರಿಂಗ್ ಮಾಡುತ್ತದೆ. ಒತ್ತಡ ಕಟ್ಟಿಕೊಂಡಷ್ಟೂ ಕುದಿಯುವ ಹಂತ ಮೇಲಕ್ಕೆ ಹೋಗುತ್ತದೆ. ಸಾಮಾನ್ಯ ಕಾರಿನಲ್ಲಿ ಹೊರಗಿನ ಗಾಳಿಗಿಂತ ಸುಮಾರು ಒಂದು ಬಾರ್ ಹೆಚ್ಚು ಒತ್ತಡ ಇರುತ್ತದೆ, ಅಷ್ಟಿದ್ದರೆ ನೀರು ಕೂಡ 120 ಡಿಗ್ರಿವರೆಗೆ ತಡೆದುಕೊಳ್ಳುತ್ತದೆ, ಗ್ಲೈಕಾಲ್ ಇದ್ದರೆ ಇನ್ನೂ ಜಾಸ್ತಿ. ಮುಚ್ಚಳದ ರಬ್ಬರ್ ಒಣಗಿದರೆ ಒತ್ತಡ ನಿಲ್ಲುವುದಿಲ್ಲ, ಕೂಲಂಟ್ ಬೇಗ ಕುದಿದು ಹೊರಗೆ ಉಕ್ಕುತ್ತದೆ. ಬಿಸಿ ಇಂಜಿನ್ನಿನ ಮುಚ್ಚಳ ತೆಗೆಯಬಾರದು ಅನ್ನುವುದೂ ಇದಕ್ಕೇ. ತೆಗೆದ ಕ್ಷಣ ಒತ್ತಡ ಬಿದ್ದು ಅಷ್ಟೂ ಒಮ್ಮೆಲೇ ಕುದಿದು ಮುಖಕ್ಕೆ ಹಾರುತ್ತದೆ.

ಇನ್ನು ಕುಡಿದಿದ್ದು ಎಲ್ಲಿ ಹೋಯಿತು? ಹೆಚ್ಚಿನ ಸಲ ಹೊರಗೇ. ಹೋಸ್ ಪೈಪಿನ ಕ್ಲಿಪ್ ಹತ್ತಿರ, ರೇಡಿಯೇಟರಿನ ಅಲ್ಯೂಮಿನಿಯಂ ಮತ್ತು ಪ್ಲಾಸ್ಟಿಕ್ ಸೇರುವ ಕಡೆ, ವಾಟರ್ ಪಂಪಿನ ಅಡಿಯ ಸಣ್ಣ ತೂತಿನಲ್ಲಿ. ಒಳಗಿನ ಸೀಲ್ ಹೋದರೆ ಗೊತ್ತಾಗಲಿ ಅಂತಲೇ ಆ ತೂತು ಇಟ್ಟಿರುತ್ತಾರೆ. ಕೆಲವೊಮ್ಮೆ ಹೀಟರ್ ಕಾಯಿಲ್ ಸೋರಿ ಕಾಲಡಿಯ ಮ್ಯಾಟ್ ಒದ್ದೆಯಾಗುತ್ತದೆ. ಕಾರಿನಡಿ ನೀರು ಕಂಡ ಕೂಡಲೇ ಗಾಬರಿ ಬೇಡ, ಎಸಿ ನೀರೂ ತೊಟ್ಟಿಕ್ಕುತ್ತದೆ. ಎಸಿ ನೀರಿಗೆ ಬಣ್ಣ, ವಾಸನೆ ಇಲ್ಲ. ಕೂಲಂಟ್ ಬೆರಳಿಗೆ ಜಾರುತ್ತದೆ, ಸಿಹಿ ವಾಸನೆ ಬರುತ್ತದೆ. ಸಿಹಿ ಅಂತ ನಾಯಿ ನೆಕ್ಕಿದರೆ ಸಾಯುತ್ತದೆ, ಚೆಲ್ಲಿದ್ದನ್ನು ತೊಳೆದುಬಿಡಿ. ನೆಲದ ಮೇಲೆ ಒಂದು ಹನಿಯೂ ಇಲ್ಲದೆ ಸೋರುವುದೂ ಉಂಟು: ಬಿಸಿ ಇಂಜಿನ್ ಮೇಲೆ ಬಿದ್ದದ್ದು ಅಲ್ಲೇ ಆರಿ, ಪುಡಿಯಂಥ ಕಲೆ ಮಾತ್ರ ಉಳಿಯುತ್ತದೆ.

ಒಳಗೆ ಹೋಗುತ್ತಿದ್ದರೆ ಅದು ದೊಡ್ಡ ಖರ್ಚು. ಇಂಜಿನ್ನಿನ ಕೆಳಭಾಗವಾದ ಬ್ಲಾಕಿಗೂ ಮೇಲೆ ಕೂರುವ ಹೆಡ್ಡಿಗೂ ನಡುವಿನ ತೆಳು ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್, ಹೊಡೆದರೆ ಕೂಲಂಟ್ ಸಿಲಿಂಡರಿಗೆ ನುಗ್ಗಿ ಬಿಳಿ ಹೊಗೆಯಾಗಿ ಹೋಗುತ್ತದೆ. ಆಯಿಲ್ ಹಾಲು ಬೆರೆಸಿದ ಕಾಫಿಯಂತಾಗಬಹುದು. ಡಬ್ಬಿಯಲ್ಲಿ ಗುಳ್ಳೆ ಏಳುತ್ತಲೇ ಇರುತ್ತದೆ. ಡಿಸೆಂಬರ್ ಬೆಳಗಿನ ಹಬೆಯನ್ನು ನೋಡಿ ಗ್ಯಾಸ್ಕೆಟ್ ಹೋಯಿತು ಅಂದುಕೊಳ್ಳಬೇಡಿ, ಅದು ಐದು ನಿಮಿಷಕ್ಕೆ ನಿಲ್ಲುತ್ತದೆ. ಹೆಡ್ ಬಿಚ್ಚಿಸುವ ಮೊದಲು ಒಂದು ಪರೀಕ್ಷೆ ಮಾಡಿಸಬಹುದು. ರೇಡಿಯೇಟರ್ ಬಾಯಿಯ ಗಾಳಿಯನ್ನು ನೀಲಿ ದ್ರವದ ಮೂಲಕ ಎಳೆಯುತ್ತಾರೆ. ಸುಟ್ಟ ಗ್ಯಾಸ್ ಇದ್ದರೆ ನೀಲಿ ಹಳದಿಯಾಗುತ್ತದೆ.

ಮಟ್ಟ ಸರಿಯಿದ್ದೂ ಹೀಟ್ ಆದರೆ ಎಲ್ಲಿ, ಯಾವಾಗ ಅನ್ನುವುದನ್ನು ಗಮನಿಸಿ. ಸಯ್ಯಾಜಿರಾವ್ ರಸ್ತೆಯ ದಟ್ಟಣೆಯಲ್ಲಿ ಬಿಸಿ, ಹೈವೇಯಲ್ಲಿ ತಣ್ಣಗೆ ಅಂದರೆ ಫ್ಯಾನ್ ತಿರುಗುತ್ತಿಲ್ಲ. ಊರೊಳಗೆ ಚೆನ್ನಾಗಿದ್ದು ಚಾಮುಂಡಿ ಬೆಟ್ಟ ಹತ್ತುವಾಗ ಏರಿದರೆ ರೇಡಿಯೇಟರ್ ಕಟ್ಟಿಕೊಂಡಿರುವ ಅನುಮಾನ. ಹೊರಟ ಕೆಲವೇ ನಿಮಿಷಕ್ಕೆ ಏರಿ, ಕೆಳಗಿನ ಹೋಸ್ ತಣ್ಣಗಿದ್ದರೆ, ಇಂಜಿನ್ ಬಿಸಿಯಾದ ಮೇಲಷ್ಟೇ ಕೂಲಂಟನ್ನು ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಉಳಿದಿರಬಹುದು. ಥರ್ಮೋಸ್ಟಾಟನ್ನೇ ಕಿತ್ತು ಬಿಸಾಡುವ ಮೆಕ್ಯಾನಿಕ್‌ಗಳಿದ್ದಾರೆ, ನನಗೆ ಅದು ಸರಿ ಕಾಣುವುದಿಲ್ಲ. ಇಂಜಿನ್ ಹದಕ್ಕೆ ಬರಲು ಹೊತ್ತು ಹಿಡಿದು ಪೆಟ್ರೋಲ್ ಜಾಸ್ತಿ ಸುಡುತ್ತದೆ. ಇನ್ನೊಂದು ಮೋಸ ಇದೆ: ಕೂಲಂಟ್ ಪೂರ್ತಿ ಖಾಲಿಯಾದಾಗ ಸೆನ್ಸರ್ ಗಾಳಿಯಲ್ಲಿ ನಿಂತು, ಮುಳ್ಳು ಕೆಳಗಿಳಿಯಬಹುದು. ಇಳಿಯಿತು ಅಂತ ಖುಷಿಪಟ್ಟು ಓಡಿಸಿದರೆ ಹೆಡ್ ಬೆಂಡ್ ಆಗಿ ಲೇತ್ ಅಂಗಡಿ ಸೇರುತ್ತದೆ.

ನಮ್ಮ ಕಾರನ್ನು ಟೋ ಮಾಡಿ ತಂದ ಮೇಲೆ, ತಣ್ಣಗಾಗಲು ಬಿಟ್ಟು, ಮೆಕ್ಯಾನಿಕ್ ಮುಚ್ಚಳದ ಜಾಗಕ್ಕೆ ಮೀಟರ್ ಇರುವ ಕೈಪಂಪ್ ಸಿಕ್ಕಿಸಿ ಒತ್ತಡ ಕೊಟ್ಟ. ಮುಳ್ಳು ನಿಲ್ಲಬೇಕು. ನಿಲ್ಲಲಿಲ್ಲ, ಮೆಲ್ಲಗೆ ಜಾರಿತು. ಟಾರ್ಚ್ ಹಿಡಿದು ನೋಡಿದರೆ ವಾಟರ್ ಪಂಪಿನ ಆ ತೂತಿನಲ್ಲಿ ಒಂದು ಹನಿ ಕಟ್ಟುತ್ತಿತ್ತು, ಬೀಳುತ್ತಿತ್ತು, ಮತ್ತೆ ಕಟ್ಟುತ್ತಿತ್ತು. ಸುತ್ತ ಮಾಸಲು ಹಸಿರು ಪುಡಿ. ಎಷ್ಟು ತಿಂಗಳಿಂದಲೋ.

ಹೊಸ ಪಂಪ್ ಕೂರಿಸುವ ಮೊದಲು ಒಳಗಿದ್ದ ಹಳೆಯ ದ್ರವವನ್ನು ಬಕೆಟ್ಟಿಗೆ ಬಿಟ್ಟ. ಬೆಲ್ಲದ ಪಾನಕದ ಬಣ್ಣ. ಜೊತೆಗೆ ಗೀಸರ್ ಕಾಯಿಲಿಗೆ ಅಂಟುವಂಥ ಬಿಳಿ ಚೂರುಗಳು. ಬಾಟಲಿ ಖಾಲಿಯಾದ ದಿನ ದಾರಿಯ ಬೋರ್ ನೀರನ್ನೂ ಹಾಕಿದ್ದೆನಲ್ಲ, ಅದರ ಗುರುತು. ಕಂಪನಿ ಹೇಳಿದ ಕೂಲಂಟ್ ತಂದು, ಡಿಸ್ಟಿಲ್ಡ್ ವಾಟರ್ ಬೆರೆಸಿ, ಒಳಗೆ ಸಿಕ್ಕಿಕೊಂಡ ಗಾಳಿ, ಅಂದರೆ ಏರ್ ಲಾಕ್, ತೆಗೆದು ತುಂಬಿಸಲು ಅರ್ಧ ದಿನ ಹಿಡಿಯಿತು. ಬಕೆಟ್ ಎತ್ತಿಕೊಂಡು ಹೋಗುವಾಗ ಅವನು ಅದರೊಳಗೆ ಇಣುಕಿ ಹೇಳಿದ: “ಇದ್ರಲ್ಲಿ ಕೂಲಂಟ್ ಎಲ್ಲದೆ ಸಾ, ಬರೀ ಕಾವೇರಿ ನೀರು.”