ನರಕಕ್ಕೆ ಹೋದವರ ಪಟ್ಟಿ ಚರ್ಚ್‌ನಲ್ಲಿಲ್ಲ

ನವೆಂಬರ್ ಬಂತೆಂದರೆ ಕರಾವಳಿಯ ಚರ್ಚ್‌ಗಳ ಸಮಾಧಿಸ್ಥಳಗಳಲ್ಲಿ ಮಳೆಗಾಲದ ಹುಲ್ಲು ಕೆತ್ತುವ ಕೆಲಸ ಶುರುವಾಗುತ್ತದೆ. 2ನೇ ತಾರೀಕು ಸಕಲ ಮೃತರ ದಿನ. ಮೇಣದ ಬತ್ತಿ, ಹೂವು, ಧರ್ಮಗುರುಗಳ ಆಶೀರ್ವಾದ ಎಲ್ಲ ಮುಗಿದ ಮೇಲೆ ಯಾರಾದರೊಬ್ಬರು ಬದಿಗೆ ಕರೆದು ಕೇಳುವುದುಂಟು: "ಫಾದರ್, ನಮ್ಮ ಅಣ್ಣ ಕುಡಿದೇ ಸತ್ತದ್ದಲ್ವಾ, ಅವನು ಯೆಮ್ಕೊಂಡಕ್ಕೆ (ನರಕಕ್ಕೆ) ಹೋಗಿರ್ತಾನಾ?"

ಈ ಪ್ರಶ್ನೆಗೆ 'ಹೌದು' ಎನ್ನುವ ಅಧಿಕಾರ ಯಾರಿಗೂ ಇಲ್ಲ. ಕಥೋಲಿಕ ಧರ್ಮಸಭೆ ಸಾವಿರಾರು ಜನರನ್ನು ಹೆಸರು ಹಿಡಿದು ಸಂತರೆಂದು ಘೋಷಿಸಿದೆ; ಅದಕ್ಕೆ ವಿಚಾರಣೆ, ಸಾಕ್ಷಿ, ಪವಾಡದ ಪರಿಶೀಲನೆ ಎಂದು ದೊಡ್ಡ ಕ್ರಮವೇ ಇದೆ. ಇಂಥವರು ನರಕದಲ್ಲಿದ್ದಾರೆ ಎಂದು ಘೋಷಿಸುವ ಕ್ರಮ ಮಾತ್ರ ಇಲ್ಲ. ಯೇಸುವನ್ನು ಹಿಡಿದುಕೊಟ್ಟ ಯೂದನ ವಿಷಯದಲ್ಲೂ ಅಂಥ ಘೋಷಣೆಯಾಗಿಲ್ಲ. ಆದರೆ ನರಕವಿದೆ, ಅದು ನಿತ್ಯ ಎಂಬುದನ್ನು ಸಭೆ ಬಿಟ್ಟುಕೊಟ್ಟಿಲ್ಲ. 1992ರಲ್ಲಿ ಬಂದ ಕಥೋಲಿಕ ಧರ್ಮೋಪದೇಶ ಗ್ರಂಥದ 1033ರಿಂದ 1037ರವರೆಗಿನ ಪರಿಚ್ಛೇದಗಳನ್ನು ಬೋಧಕರು ಒಮ್ಮೆ ಕೂತು ಓದಬೇಕು, ಹತ್ತು ನಿಮಿಷ ಸಾಕು. ನರಕದ ಮುಖ್ಯ ಶಿಕ್ಷೆ ದೇವರಿಂದ ಶಾಶ್ವತವಾಗಿ ಅಗಲಿರುವುದು ಎಂದು 1035 ಹೇಳುತ್ತದೆ. ದೇವರು ಯಾರನ್ನೂ ನರಕಕ್ಕೆಂದು ಮೊದಲೇ ಗೊತ್ತುಮಾಡಿಲ್ಲ, ತಾನಾಗಿ ದೇವರಿಗೆ ಬೆನ್ನುಹಾಕಿ ಕೊನೆಯ ತನಕ ಹಾಗೇ ಉಳಿದವನಿಗಷ್ಟೇ ಅದು ಎನ್ನುತ್ತದೆ 1037.

ಎಡವುವುದು ಹೆಚ್ಚಾಗಿ 'ಮಾರಕ ಪಾಪ', ಅಂದರೆ ಪಶ್ಚಾತ್ತಾಪವಿಲ್ಲದೆ ಸತ್ತರೆ ನರಕಕ್ಕೆ ಒಯ್ಯುವ ಪಾಪ, ಅನ್ನುವಲ್ಲಿ. ಪಾಪ ಮಾರಕವಾಗಲು ಮೂರು ಸೇರಬೇಕು: ವಿಷಯ ಗಂಭೀರವಾಗಿರಬೇಕು, ಅದು ಗಂಭೀರವೆಂದು ಪೂರ್ತಿ ತಿಳಿದಿರಬೇಕು, ತಿಳಿದೂ ಬೇಕೆಂದೇ ಒಪ್ಪಿ ಮಾಡಿರಬೇಕು. ದೊತೊರ್ನ್ (ಮಕ್ಕಳ ಧರ್ಮಶಿಕ್ಷಣ) ಕಲಿಸುವಾಗ ಮೊದಲನೆಯದನ್ನು ಮಾತ್ರ ಪಟ್ಟಿ ಮಾಡಿ ಬಾಯಿಪಾಠ ಮಾಡಿಸುತ್ತೇವೆ. ಪಟ್ಟಿ ತಲೆಯಲ್ಲಿ ಕೂತವರು ಮುಂದೆ ನೆರೆಮನೆಯವರನ್ನು ಅದಕ್ಕೇ ಹಿಡಿದು ಅಳೆಯುತ್ತಾರೆ. ಎರಡನೆಯದೂ ಮೂರನೆಯದೂ ಮನಸ್ಸಿನೊಳಗಿನ ಸಂಗತಿ, ಹೊರಗೆ ನಿಂತವರಿಗೆ ಕಾಣುವಂಥದ್ದಲ್ಲ. ವರ್ಷಗಟ್ಟಲೆ ಕುಡಿತಕ್ಕೆ ಸಿಕ್ಕಿಬಿದ್ದವನ ಕೈ ಗ್ಲಾಸಿಗೆ ಹೋಗುವಾಗ ಅದರಲ್ಲಿ 'ಒಪ್ಪಿಗೆ' ಎಷ್ಟಿತ್ತು? ಅಭ್ಯಾಸ, ಭಯ, ಕಾಯಿಲೆಗಳು ಹೊಣೆಯನ್ನು ಕಡಿಮೆ ಮಾಡಬಹುದು, ಕೆಲವೊಮ್ಮೆ ಇಲ್ಲವಾಗಿಸಲೂಬಹುದು ಎಂದು ಅದೇ ಗ್ರಂಥ ಹೇಳುತ್ತದೆ. ಮೇಲಿನ ಅಣ್ಣನ ಪ್ರಶ್ನೆಗೆ ಉತ್ತರ ಕಟ್ಟಬೇಕಾದದ್ದು ಇಲ್ಲಿಂದ.

ಆತ್ಮಹತ್ಯೆಯ ಮನೆಯಲ್ಲಿ ತಪ್ಪು ಮಾತು ಬಲುಬೇಗ ಬಾಯಿಗೆ ಬರುತ್ತದೆ. 1917ರ ಧರ್ಮಸಭಾ ಕಾನೂನು, ತಿಳಿದು ಯೋಚಿಸಿ ಪ್ರಾಣ ಕಳೆದುಕೊಂಡವರಿಗೆ ಚರ್ಚ್‌ನ ಅಂತ್ಯಕ್ರಿಯೆ ನಿರಾಕರಿಸಿತ್ತು. ಹಿರಿಯರ ನೆನಪಿನಲ್ಲಿ ಉಳಿದಿರುವುದು ಅದೇ. 1983ರ ಕಾನೂನಿನ 1184ನೇ ವಿಧಿಯಲ್ಲಿ ಯಾರಿಗೆ ಅಂತ್ಯಕ್ರಿಯೆ ಇಲ್ಲ ಎಂಬ ಪಟ್ಟಿ ಇದೆ, ಅದರಲ್ಲಿ ಈಗ ಆತ್ಮಹತ್ಯೆ ಇಲ್ಲ. ಸಂಶಯ ಬಂದರೆ ಬಿಷಪರನ್ನು ಕೇಳಬೇಕು. ಊರಿನ ಹಿರಿಯರು ಕೂತು ತೀರ್ಮಾನಿಸುವ ವಿಷಯವಲ್ಲ. ಧರ್ಮೋಪದೇಶ ಗ್ರಂಥ (2282, 2283) ಈ ಕೃತ್ಯವನ್ನು ಗಂಭೀರವೆಂದೇ ಹೇಳುತ್ತದೆ. ಜೊತೆಗೆ ತೀವ್ರ ಮಾನಸಿಕ ತೊಂದರೆ, ಸಂಕಟ, ಭಯ ಹೊಣೆಯನ್ನು ಕುಗ್ಗಿಸುತ್ತವೆ, ಅವರ ನಿತ್ಯ ರಕ್ಷಣೆಯ ಬಗ್ಗೆ ನಿರಾಶರಾಗಬಾರದು, ಸಭೆ ಅವರಿಗಾಗಿ ಪ್ರಾರ್ಥಿಸುತ್ತದೆ ಎಂದೂ ಹೇಳುತ್ತದೆ. ಹಾಗಾಗಿ ಪ್ರಬೋಧನೆಯಲ್ಲಿ ಸಾವಿನ ಬಗೆಯನ್ನು ವಿವರಿಸದೆ, 'ಖಂಡಿತ ಸ್ವರ್ಗದಲ್ಲಿದ್ದಾರೆ' ಎಂದೂ ಅನ್ನದೆ, ದೇವರ ಕರುಣೆಗೆ ಒಪ್ಪಿಸುವುದು ಸರಿಯಾದ ಕ್ರಮ. ಮನೆಯಲ್ಲಿ ಇನ್ನೊಬ್ಬರು ಅದೇ ಯೋಚನೆಯಲ್ಲಿದ್ದರೆ ನರಕದ ಹೆದರಿಕೆ ಹಾಕಿ ತಡೆಯಲು ಹೋಗಬೇಡಿ. ತಾನು ಈಗಾಗಲೇ ಶಪಿತ ಎಂದುಕೊಂಡವರನ್ನು ಆ ಮಾತು ಇನ್ನಷ್ಟು ಒಳಗೆ ನೂಕುತ್ತದೆ. ಒಬ್ಬರನ್ನೇ ಬಿಡದೆ, ಅದೇ ದಿನ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ಇನ್ನೊಂದು ಗೊಂದಲ ಪುರ್ಗತೊರಿನದು, ಅಂದರೆ ಸ್ವರ್ಗಕ್ಕೆ ಮೊದಲಿನ ಶುದ್ಧೀಕರಣದ ಸ್ಥಿತಿಯದು. ಅದು ಸಣ್ಣ ನರಕವಲ್ಲ. ಅಲ್ಲಿರುವವರೆಲ್ಲ ರಕ್ಷಣೆ ಖಚಿತವಾದವರೇ. ಮೃತರಿಗಾಗಿ ಅರ್ಪಿಸುವ ಬಲಿಪೂಜೆ ಅವರಿಗೆ ನೆರವಾಗಲೆಂದು. ನರಕದಿಂದ ಯಾರನ್ನೂ ಮೇಲೆತ್ತಲು ಅಲ್ಲ. ಆತ್ಮ ಎಲ್ಲಿದೆ ಎಂದು ನಮಗೆ ಗೊತ್ತಿಲ್ಲದ್ದರಿಂದ ಎಲ್ಲರಿಗಾಗಿ ಪ್ರಾರ್ಥಿಸುತ್ತೇವೆ, ಅಷ್ಟೇ. ನವೆಂಬರ್ 1ರಿಂದ 8ರವರೆಗೆ ಸಮಾಧಿಸ್ಥಳಕ್ಕೆ ಹೋಗಿ ಮೃತರಿಗಾಗಿ ಪ್ರಾರ್ಥಿಸಿದರೆ ಪೂರ್ಣ ಇಂಡಲ್ಜೆನ್ಸ್, ಅಂದರೆ ಕ್ಷಮೆಯಾದ ಪಾಪಕ್ಕೂ ಉಳಿಯುವ ತಾತ್ಕಾಲಿಕ ದಂಡದ ವಿಮೋಚನೆ, ದಿನಕ್ಕೊಮ್ಮೆ ಪಡೆದು ಮೃತರೊಬ್ಬರಿಗೆ ಅರ್ಪಿಸಬಹುದು. ಭೇಟಿಯೊಂದೇ ಸಾಲದು. ಕುಮ್ಸಾರ್, ಅಂದರೆ ಪಾಪನಿವೇದನೆ, ಆಗಿರಬೇಕು (ಆಚೀಚೆ ಸುಮಾರು 20 ದಿನಗಳೊಳಗಿನದು ನಡೆಯುತ್ತದೆ, ಒಂದೇ ಹಲವು ದಿನಗಳಿಗೂ ಸಾಕು), ಆಯಾ ಇಂಡಲ್ಜೆನ್ಸಿಗೆ ಒಂದೊಂದು ಸಲ ಪರಮಪ್ರಸಾದ (ಬಲಿಪೂಜೆಯ ಪವಿತ್ರ ರೊಟ್ಟಿ) ಸ್ವೀಕರಿಸಬೇಕು, ಪೋಪರ ಉದ್ದೇಶಕ್ಕಾಗಿ ಪ್ರಾರ್ಥಿಸಬೇಕು. 'ಪರಲೋಕದಲ್ಲಿರುವ ನಮ್ಮ ತಂದೆಯೇ' ಒಂದು, 'ನಮೋ ಮರಿಯಾ' ಒಂದು ಹೇಳಿದರಾಯಿತು. ಕಷ್ಟದ್ದು ಕೊನೆಯ ಷರತ್ತು: ಸಣ್ಣ ಪಾಪದ ಮೇಲೂ ಮನಸ್ಸಿನಲ್ಲಿ ಅಂಟು ಇರಬಾರದು. ಇದ್ದರೆ ಸಿಗುವುದು ಭಾಗಶಃ ಮಾತ್ರ. ಇದನ್ನು ಲೆಕ್ಕದ ಪುಸ್ತಕ ಮಾಡಿಕೊಂಡವರಿದ್ದಾರೆ. ಟ್ರೆಂಟ್‌ನಲ್ಲಿ ಸೇರಿದ ಬಿಷಪರ ಮಹಾಸಭೆ 1563ರಲ್ಲೇ, ಶುದ್ಧೀಕರಣದ ಬಗ್ಗೆ ಕುತೂಹಲ ಕೆರಳಿಸುವುದನ್ನೂ ದುಡ್ಡಿನ ವಾಸನೆ ಬರುವುದನ್ನೂ ಜನರ ಮುಂದಿನ ಬೋಧನೆಯಿಂದ ದೂರವಿಡಿ ಎಂದು ಬಿಷಪರಿಗೆ ಕಟ್ಟಪ್ಪಣೆ ಮಾಡಿತ್ತು.

ಹಾಗಾದರೆ ಕ್ರೈಸ್ತರಲ್ಲದ ನೆರೆಕರೆಯವರು? ಉಡುಪಿಯಲ್ಲಿ ಕೂತು ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾಗದು. 1442ರಲ್ಲಿ ಫ್ಲಾರೆನ್ಸ್ ಮಹಾಸಭೆಯ ಮಾತು ತುಂಬ ಬಿಗಿಯಾಗಿತ್ತು: ಸಭೆಯ ಹೊರಗಿದ್ದವರಿಗೆ ನಿತ್ಯಾಗ್ನಿ. ಅದನ್ನೇ ಅಕ್ಷರಶಃ ಹಿಡಿದು ಬೋಧಿಸಿದ ಅಮೆರಿಕದ ಧರ್ಮಗುರು ಫೀನಿಯವರ ವಾದವನ್ನು ರೋಮ್ 1949ರ ಪತ್ರದಲ್ಲಿ ತಳ್ಳಿಹಾಕಿತು. 1964ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ, ತಮ್ಮ ತಪ್ಪಿಲ್ಲದೆ ಸುವಾರ್ತೆಯನ್ನು ಅರಿಯದೆ, ಪ್ರಾಮಾಣಿಕವಾಗಿ ದೇವರನ್ನು ಹುಡುಕುತ್ತ ಮನಸ್ಸಾಕ್ಷಿಯಂತೆ ಬದುಕುವವರಿಗೂ ರಕ್ಷಣೆ ಸಾಧ್ಯ ಎಂದು ಬರೆಯಿತು. ಬೇರೆ ಧರ್ಮದವರೆಲ್ಲ ನರಕಕ್ಕೆ ಎಂದು ಕಥೋಲಿಕ ಬೋಧಕನೊಬ್ಬ ಇವತ್ತು ಹೇಳಿದರೆ ಅವನು ತನ್ನ ಸಭೆಯ ಬೋಧನೆಯನ್ನೇ ಮೀರಿದಂತೆ.

ನಿತ್ಯ ನರಕ ಎನ್ನುವುದು ಪರದೇಶದಿಂದ ಬಂದ ಕಲ್ಪನೆ ಎಂದುಕೊಳ್ಳುವವರಿಗೆ ಮಧ್ವಾಚಾರ್ಯರು ಹುಟ್ಟಿದ, ಉಡುಪಿ ಹತ್ತಿರದ ಪಾಜಕ ದೂರವಿಲ್ಲ. ಹದಿಮೂರನೇ ಶತಮಾನದ ಅವರು ಜೀವರಲ್ಲಿ ಮುಕ್ತಿಯೋಗ್ಯ, ನಿತ್ಯಸಂಸಾರಿ (ಸದಾ ಹುಟ್ಟುಸಾವಿನಲ್ಲಿ ಸುತ್ತುವವರು), ತಮೋಯೋಗ್ಯ (ಕತ್ತಲೆಗೆ ಯೋಗ್ಯರು) ಎಂದು ಮೂರು ಬಗೆ ಹೇಳಿದರು. ತಮೋಯೋಗ್ಯರಿಗೆ ಅಂಧಂತಮಸ್ಸಿನಿಂದ, ಅಂದರೆ ಆ ಗಾಢ ಕತ್ತಲೆಯ ನರಕದಿಂದ, ಮರಳುವಿಕೆಯಿಲ್ಲ. ಪುರಾಣಗಳ ನರಕಗಳು ಕರ್ಮ ಸವೆಯುವ ತನಕದವು, ಇದು ಹಾಗಲ್ಲ. ಆದರೆ ಎರಡನ್ನೂ ಒಂದೇ ಎಂದುಕೊಳ್ಳುವಂತಿಲ್ಲ. ಮಧ್ವರಲ್ಲಿ ಅದು ಜೀವಾತ್ಮನ ಸ್ವರೂಪದಲ್ಲೇ ಇರುವ ಯೋಗ್ಯತೆ. ಕ್ರೈಸ್ತರಲ್ಲಿ ಹುಟ್ಟಿನಿಂದಲೇ ನರಕಕ್ಕೆ ಎಂದು ಗುರುತು ಹಾಕಿದ ಆತ್ಮವಿಲ್ಲ. ಕೆಲವರನ್ನು ದೇವರೇ ಕೇಡಿಗೆ ನಿಯಮಿಸಿದ್ದಾನೆ ಎನ್ನುವುದನ್ನು 529ರ ಆರೆಂಜ್ ಸಭೆ ಖಂಡಿಸಿತ್ತು. ಮುಂದೆ ಪ್ರೊಟೆಸ್ಟಂಟ್ ಸುಧಾರಕ ಕ್ಯಾಲ್ವಿನ್‌ನ ಪರಂಪರೆ ಹೆಚ್ಚುಕಡಿಮೆ ಆ ಕಡೆಗೇ ವಾಲಿತು ಎನ್ನುವುದು ಬೇರೆ ಮಾತು.

1834ರಲ್ಲಿ ಮಂಗಳೂರಿಗೆ ಬಂದ ಪ್ರೊಟೆಸ್ಟಂಟರ ಬಾಸೆಲ್ ಮಿಷನ್ನಿನ ಹಿನ್ನೆಲೆಯಲ್ಲಿ ಇದರ ಇನ್ನೊಂದು ಎಳೆ ಇದೆ. ಲೂಥರನರ 1530ರ ನಂಬಿಕೆಯ ಹೇಳಿಕೆಯಾದ ಆಗ್ಸ್‌ಬರ್ಗ್ ಒಪ್ಪಿಗೆಯ 17ನೇ ಕಲಮು, ನರಕದ ಶಿಕ್ಷೆಗೆ ಕೊನೆಯಿದೆ ಎನ್ನುವವರನ್ನು ಖಂಡಿಸುತ್ತದೆ. ಆದರೆ ಆ ಮಿಷನ್ನಿಗೆ ಬಹಳಷ್ಟು ಜನರನ್ನು ಕಳಿಸಿದ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯಲ್ಲೇ, ಎಟಿಂಗರ್, ಮಿಖಾಯೆಲ್ ಹಾನ್‌ರಂಥ ಭಕ್ತಿಪಂಥದವರು ಕೊನೆಗೆ ಎಲ್ಲವೂ ದೇವರಿಗೆ ಮರಳುತ್ತದೆ ಎಂದು ನಂಬಿದ್ದರು. ಇನ್ನು ಸೆವೆಂತ್ ಡೇ ಅಡ್ವೆಂಟಿಸ್ಟ್ ಎಂಬ ಪ್ರೊಟೆಸ್ಟಂಟ್ ಪಂಗಡದವರ ಪ್ರಕಾರ ದುಷ್ಟರು ಕೊನೆಗೆ ಇಲ್ಲವಾಗುತ್ತಾರೆ, ನಿರಂತರ ಯಾತನೆ ಇಲ್ಲ.

ಪ್ರಸಂಗಿಗಳಿಗೆ ಒಂದು ಮಾತು. ಯೇಸು ನರಕಕ್ಕೆ ಬಳಸಿದ ಗೆಹೆನ್ನ ಎಂಬ ಮಾತಿಗೆ ಅರ್ಥ ಯೆರೂಸಲೇಮಿನ ಹೊರಗೆ ಸದಾ ಹೊಗೆಯಾಡುತ್ತಿದ್ದ ಕಸದ ಗುಡ್ಡೆ ಎಂದು ವೇದಿಕೆಯಿಂದ ಹೇಳುವುದು ರೂಢಿ, ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ನೋಡಿದವರಿಗೆ ಅದು ಬೇಗ ಹಿಡಿಸುತ್ತದೆ ಕೂಡ. ಯೇಸುವಿನ ಕಾಲದಲ್ಲಿ ಅಲ್ಲಿ ಹಾಗೆ ಕಸ ಸುಡುತ್ತಿದ್ದರು ಎನ್ನಲು ಗಟ್ಟಿ ಪುರಾವೆಯಿಲ್ಲ. ಆ ಮಾತು ಕಾಣಿಸುವುದು ಸುಮಾರು 1200ರ ಯೆಹೂದಿ ವ್ಯಾಖ್ಯಾನಕಾರ ಕಿಮ್ಹಿಯ ಬರಹದಲ್ಲಿ. ಗೆಹೆನ್ನ ಎಂಬ ಹೆಸರು ಬಂದ ಹಿನ್ನೋಮ್ ಕಣಿವೆ ಬೈಬಲ್ಲಿನಲ್ಲಿ ಹೇಸಿಗೆಯದ್ದಾದದ್ದು ಮೋಲೆಕ ಎಂಬ ದೇವತೆಗೆ ಮಕ್ಕಳನ್ನು ಬೆಂಕಿಗೆ ಕೊಟ್ಟದ್ದರಿಂದ (ಯೆರೆಮೀಯ 7, ಎರಡನೇ ಅರಸು 23). ಕಸದ ಕಥೆಗಿಂತ ಇದು ಭಾರವಾದದ್ದು. ಮತ್ತಾಯ 25ರಲ್ಲಿ ನಿತ್ಯಾಗ್ನಿಗೆ ಹೋದವರು ಹಸಿದವನಿಗೆ ಅನ್ನ ಕೊಡದವರು, ಸೆರೆಯಲ್ಲಿದ್ದವನನ್ನು ನೋಡಲು ಹೋಗದವರು. ಲೂಕ 16ರ ಶ್ರೀಮಂತನ ತಪ್ಪು ಬಾಗಿಲಲ್ಲಿ ಬಿದ್ದ ಲಾಜರನನ್ನು ಕಾಣದೇ ಹೋದದ್ದು. ನರಕದ ಬಗ್ಗೆ ಪ್ರಸಂಗ ಮಾಡುವವರು ಕೇಳುಗರನ್ನು ಈ ಎರಡು ಅಧ್ಯಾಯಗಳ ಮುಂದೆ ನಿಲ್ಲಿಸಬೇಕು. ಆಗ ಪಕ್ಕದ ಮನೆಯವನ ಲೆಕ್ಕ ತೆಗೆಯಲು ಪುರಸೊತ್ತಾಗುವುದಿಲ್ಲ.

ಮಕ್ಕಳಿಗೆ ಕಲಿಸುವಾಗ ಅನುಕ್ರಮ ಮುಖ್ಯ. ಮೊದಲು ದೇವರ ಪ್ರೀತಿ, ಆಮೇಲೆ ಸ್ವಾತಂತ್ರ್ಯ, ಆಮೇಲೆ ಪಾಪ ಮತ್ತು ಕ್ಷಮೆ, ಕಡೆಗೆ ನರಕ. ಮೊದಲ ಪರಮಪ್ರಸಾದದ ತಯಾರಿಯಲ್ಲೇ ಕುದಿಯುವ ಎಣ್ಣೆಯ ಚಿತ್ರ ತೋರಿಸಿದರೆ ಮಗು ಹೆದರಿಕೆಯಿಂದ ಕುಮ್ಸಾರಿನಲ್ಲಿ ಪಾಪಗಳನ್ನು ಮುಚ್ಚಿಡುತ್ತದೆ ಅಥವಾ ಇಲ್ಲದ್ದನ್ನು ಹುಟ್ಟಿಸಿ ಹೇಳುತ್ತದೆ. ಜಪಸರದ ಪ್ರತಿ ರಹಸ್ಯದ ಕೊನೆಗೆ ನರಕದ ಬೆಂಕಿಯಿಂದ ಕಾಪಾಡು ಎನ್ನುವ ಪ್ರಾರ್ಥನೆ ಮನೆಯಲ್ಲಿ ಹೇಗೂ ಕಿವಿಗೆ ಬೀಳುತ್ತದೆ. ಅದು ಪೋರ್ಚುಗಲ್ಲಿನ ಫಾತಿಮಾದಲ್ಲಿ 1917ರಲ್ಲಿ ಆದ ಮರಿಯಳ ದರ್ಶನಗಳಿಂದ ಬಂದದ್ದು. ಅದರ ಅರ್ಥ ಕೇಳಿದರೆ ಆ ಪ್ರಾರ್ಥನೆಯ ಮುಂದಿನ ಸಾಲನ್ನೂ ಬಿಡಿಸಿ ಹೇಳಿ: ಅಲ್ಲಿ ಬೇಡುವುದು ಎಲ್ಲ ಆತ್ಮಗಳನ್ನೂ ಸ್ವರ್ಗಕ್ಕೆ ನಡೆಸು ಎಂದು, ಅದರಲ್ಲೂ ಕರುಣೆ ಹೆಚ್ಚು ಬೇಕಾದವರನ್ನು.