ಅಜ್ಜನ ಪೆಟ್ಟಿಗೆಯ ಗೋಲಗುಮ್ಮಟ ಸ್ಟಾಂಪಿಗೆ ಎಷ್ಟು ಬೆಲೆ?

ಪ್ರಶ್ನೆ: ಅಜ್ಜನ ಪೆಟ್ಟಿಗೆಯಲ್ಲಿ ಗೋಲಗುಮ್ಮಟದ ಚಿತ್ರವಿರುವ ಆರಾಣೆ ಸ್ಟಾಂಪು ಸಿಕ್ಕಿದೆ. ಹಳೇ ಸ್ಟಾಂಪು ಲಕ್ಷ ಬಾಳುತ್ತದೆ ಅಂತಾರೆ, ನಿಜಾನಾ?

ಲಕ್ಷ ಬಿಡಿ. ಅಂಚೆ ಮುದ್ರೆ ಬಿದ್ದ ಬಿಡಿ ಸ್ಟಾಂಪಾದರೆ ಹೋಟೆಲ್ ಕಾಫಿಯ ಖರ್ಚು ಹುಟ್ಟಿದರೆ ಜಾಸ್ತಿ.

ಅದು 1949ರ ಆಗಸ್ಟ್ 15ರಂದು ಹೊರಬಂದ ಪುರಾತತ್ವ ಸರಣಿಯ ಸ್ಟಾಂಪು. ಡೆಫಿನಿಟಿವ್, ಅಂದರೆ ದಿನಬಳಕೆಗೆಂದು ವರ್ಷಗಟ್ಟಲೆ ಅಚ್ಚಾಗುತ್ತಲೇ ಇದ್ದದ್ದು. ಮೂರು ಪೈನಿಂದ 15 ರೂಪಾಯಿವರೆಗೆ ಒಟ್ಟು 16 ಬಗೆ. ನಾಸಿಕ್‌ನಲ್ಲಿ ರಾಶಿ ರಾಶಿ ಅಚ್ಚು ಹಾಕಿದರು, ಜನ ರಾಶಿ ರಾಶಿ ಕಾಗದ ಬರೆದರು. ಹಾಗಾಗಿ ಸಣ್ಣ ಬೆಲೆಯವು ಇವತ್ತಿಗೂ ಬೇಕಾದಷ್ಟು ಸಿಗುತ್ತವೆ. ಶತ್ರುಂಜಯ ದೇಗುಲವಿರುವ 15 ರೂಪಾಯಿಯದ್ದರ ಕಥೆ ಬೇರೆ. ಆ ಕಾಲದಲ್ಲಿ ಅಷ್ಟು ದುಡ್ಡು ಕೊಟ್ಟು ಅದನ್ನು ಬಳಸದೆ ಯಾರು ಇಟ್ಟುಕೊಳ್ಳುತ್ತಿದ್ದರು? ಹಿಂದಿನ ಗೋಂದು ಕೆಡದೆ ಉಳಿದಿದ್ದರೆ ಅದಕ್ಕೆ ಒಳ್ಳೆ ಬೆಲೆಯಿದೆ.

ಪೆಟ್ಟಿಗೆಯಲ್ಲಿ ಒಂದಾಣೆಯ ಬೋಧಿಸತ್ವ ಇದ್ದರೆ ತೆಗೆದು ನೋಡಿ. 1949ರದ್ದರಲ್ಲಿ ಚಿತ್ರ ಎಡಬಲ ಅದಲುಬದಲಾಗಿ ಅಚ್ಚಾಗಿತ್ತು, 1950ರಲ್ಲಿ ಸರಿಪಡಿಸಿದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಚಾಚಿದ ಕೈ ಒಂದರಲ್ಲಿ ಈ ಕಡೆ, ಇನ್ನೊಂದರಲ್ಲಿ ಆ ಕಡೆ. ಸುಮ್ನೆ ಕುಣಿದಾಡಬೇಡಿ, ಮುದ್ರೆ ಬಿದ್ದ ಪ್ರತಿಗಳು ಎರಡೂ ಅಗ್ಗ. ಆದರೆ ಜೋಡಿ ಸಿಕ್ಕರೆ ಆಲ್ಬಂಗೆ ಚೆಂದ ಅಲ್ವಾ?

1957ರ ಏಪ್ರಿಲ್ 1ರಂದು ನಯಾ ಪೈಸೆ ಬಂತು, ಜೊತೆಗೆ ಭಾರತದ ನಕ್ಷೆಯ ಸ್ಟಾಂಪುಗಳೂ ಬಂದವು. ಇವುಗಳಲ್ಲಿ ಎರಡು ಬಗೆ, ಮುಖ ನೋಡಿ ಬೇರೆ ಮಾಡಲಾಗದು. ಕಪ್ಪು ತಟ್ಟೆಯಲ್ಲಿ ಬೋರಲು ಹಾಕಿ ಲೈಟರ್ ಪೆಟ್ರೋಲಿನ ಎರಡು ಹನಿ ಬಿಡಿ (ಒಲೆ, ದೀಪ ಹತ್ತಿರ ಇರಬಾರದು). ವಾಟರ್‌ಮಾರ್ಕ್, ಅಂದರೆ ಕಾಗದ ಮಾಡುವಾಗಲೇ ಅದರೊಳಗೆ ಮೂಡಿಸಿದ ಗುರುತು, ಮೇಲೆದ್ದು ಕಾಣುತ್ತದೆ. ನಕ್ಷತ್ರಗಳಿದ್ದರೆ ಮೊದಲಿನದು, ಅಶೋಕ ಸ್ತಂಭದ ಸಿಂಹಗಳಿದ್ದರೆ 1958ರಿಂದ ಈಚಿನದು. ಒಂದೇ ಬಣ್ಣ, ಒಂದೇ ಬೆಲೆಯ ಸ್ಟಾಂಪಿಗೂ ಕ್ಯಾಟಲಾಗಿನಲ್ಲಿ, ಅಂದರೆ ಸ್ಟಾಂಪುಗಳ ಪಟ್ಟಿ, ದರ ಇರುವ ಪುಸ್ತಕದಲ್ಲಿ, ಹೀಗೆ ಎರಡು ನಂಬರು.

ಕ್ಯಾಟಲಾಗಿನ ದರ ನೋಡಿ ಲೆಕ್ಕ ಹಾಕಬೇಡಿ. ಅದು ಅಂಗಡಿಯವನು ಮಾರುವ ದರ, ನಿಮ್ಮಿಂದ ಕೊಳ್ಳುವ ದರವಲ್ಲ. ಅದೂ ಅಂಚಿನ ಹಲ್ಲು ಮುರಿಯದ, ಹರಿಯದ ಪ್ರತಿಗೆ. ನಮ್ಮ ಮಳೆಗಾಲದ ತೇವಕ್ಕೆ ತುಕ್ಕಿನ ಬಣ್ಣದ ಚುಕ್ಕೆ ಬಿದ್ದಿದ್ದರೆ ಅರ್ಧಕ್ಕಿಂತ ಕೆಳಗೆ ಕೇಳುತ್ತಾರೆ.

ನಿಮ್ಮ ಗುಮ್ಮಟ ಇನ್ನೂ ಲಕೋಟೆಯ ಮೇಲೇ ಇದ್ದರೆ ಮಾತ್ರ ನೀರಿಗೆ ಹಾಕಿ ಬಿಡಿಸಬೇಡಿ. ಊರ ಹೆಸರು, ತಾರೀಖು ಸ್ಪಷ್ಟವಾಗಿ ಬಿದ್ದ ಲಕೋಟೆಗೆ ಬಿಡಿ ಸ್ಟಾಂಪಿಗಿಂತ ಗಿರಾಕಿಗಳು ಹೆಚ್ಚು.